ನೀರು ಮಾತ್ರ ಇರುವ ಆಲ್ಬಮ್

ನಮ್ಮ ಮನೆಯ ಕಪಾಟಿನಲ್ಲಿ ಒಂಬತ್ತು ಆಲ್ಬಮ್‌ಗಳಿವೆ. ಒಂದರಲ್ಲೂ ಮನುಷ್ಯರಿಲ್ಲ. ಹೊಳೆ, ಕೆರೆ, ತೋಡು, ಸೇತುವೆಯ ಕೆಳಗಿನ ಗುಂಡಿ, ಬಂಡೆಯ ಮೇಲೆ ನಿಂತ ಮಳೆನೀರು, ಅಷ್ಟೇ. ಮನೆಗೆ ಬಂದ ಹೆಂಗಸರು ಮದುವೆಯದ್ದೋ ಮಗುವಿನದ್ದೋ ಇರಬಹುದೆಂದು ಒಂದನ್ನು ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ನಾಲ್ಕು ಹಾಳೆ ಮಗುಚಿದ ಮೇಲೆ ನನ್ನ ಮುಖ ನೋಡುತ್ತಾರೆ. "ಇದೆಂಥದು, ಬರೀ ನೀರು?" ಎಂದು ಕೇಳುತ್ತಾರೆ. "ನಮ್ಮವರಿಗೆ ನೀರೆಂದರೆ ಇಷ್ಟ" ಎಂದು ಹೇಳಿ ನಾನು ಚಹಾ ತರಲು ಒಳಗೆ ಹೋಗುತ್ತೇನೆ. ಅದು ಸುಳ್ಳಲ್ಲ, ಆದರೆ ಪೂರ್ತಿ ಮಾತೂ ಅಲ್ಲ.

ಪೂರ್ತಿ ಮಾತು ನನ್ನ ಗಂಡನ ತಾಯಿಯಿಂದ ಸುರುವಾಗಬೇಕು. ನಾನೂ ಅವರನ್ನು ಉಮ್ಮ ಎಂದೇ ಕರೆಯುತ್ತಿದ್ದೆ. ಜೀವ ಇರುವುದರ ಚಿತ್ರ ಇಟ್ಟ ಮನೆಗೆ ಮಲಕುಗಳು, ಅಂದರೆ ದೇವದೂತರು, ಕಾಲಿಡುವುದಿಲ್ಲ ಎಂದು ಅವರು ಸಣ್ಣಂದಿನಲ್ಲಿ ಕೇಳಿದ್ದರು. ಕೇಳಿದ್ದನ್ನು ಹಾಗೆಯೇ ನಡೆಸಿದರು. ಮತದಾರರ ಗುರುತುಚೀಟಿಗೆ ಫೋಟೋ ತೆಗೆಯುವವರು ಶಾಲೆಗೆ ಬಂದ ದಿನ ಪುಂಜಾಲಕಟ್ಟೆಯ ಇಡೀ ಊರೇ ಸಾಲಿನಲ್ಲಿ ನಿಂತಿತ್ತು, ಉಮ್ಮ ಮನೆಯಲ್ಲಿ ಅಕ್ಕಿ ಕೇರುತ್ತಾ ಕೂತರು. ಮಗನ ಪಾಸ್‌ಪೋರ್ಟಿಗೆ ತೆಗೆದ ಫೋಟೋದ ಉಳಿದ ಪ್ರತಿಗಳು ಪೆಟ್ಟಿಗೆಯಲ್ಲಿದ್ದವು, ಅದೂ ಮುಖ ಕೆಳಗೆ ಮಾಡಿ. "ಅದು ಅಗತ್ಯಕ್ಕೆ ತೆಗೆದದ್ದು, ಅಲ್ಲಾಹು ಮಾಫ್ ಮಾಡುತ್ತಾನೆ. ಆದರೆ ಸುಮ್ಮನೆ ಚಂದಕ್ಕೆ ಬೇಡ" ಎನ್ನುತ್ತಿದ್ದರು. ನಮ್ಮದು ಮನೆಯಲ್ಲಿ ಬ್ಯಾರಿ ಮಾತು. ಅದನ್ನು ನಾನು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಉಮ್ಮನ ಬಾಯಲ್ಲಿ ಇದೇ ಮಾತು ಇನ್ನೂ ಚೂಪಾಗಿತ್ತು.

ಇಂಥ ತಾಯಿಯ ಮಗ ಸೌದಿಯಿಂದ ರಜೆಗೆ ಬರುವಾಗ ಕ್ಯಾಮೆರಾ ತಂದರು. ಅದು ತೊಂಬತ್ತಾರರ ಮಾತು. ಇವರಿಗೆ ಅಲ್ಲಿ ಟ್ರಕ್ಕು ಓಡಿಸುವ ಕೆಲಸ. ದಿನಕ್ಕೆ ನಾನೂರು ಐನೂರು ಕಿಲೋಮೀಟರು ಹೋದರೂ ಒಂದು ತೋಡು ಕೂಡ ಅಡ್ಡ ಸಿಗುವುದಿಲ್ಲವಂತೆ. ಕ್ಯಾಮೆರಾ ನೋಡಿದ ಉಮ್ಮ ಅದನ್ನು ಮುಟ್ಟಲಿಲ್ಲ. "ಇದರಲ್ಲಿ ಯಾರ ಮುಖ ಹಿಡಿಯುವುದು?" ಎಂದು ಕೇಳಿದರು.

"ಯಾರದ್ದೂ ಅಲ್ಲ ಉಮ್ಮ. ಹೊಳೆಯದ್ದು ತೆಗೆಯುತ್ತೇನೆ. ಅಲ್ಲಿ ರೂಮಿನಲ್ಲಿ ಅಂಟಿಸಲು."

ಹೊಳೆಯೆಂದರೆ ಉಮ್ಮನಿಗೂ ಜೀವ. ಫರಂಗಿಪೇಟೆಯ ಹತ್ತಿರ ನೇತ್ರಾವತಿಯ ಬದಿಯಲ್ಲೇ ಹುಟ್ಟಿದವರು. ಅವರ ಬಾಪ ಹೆಂಚಿನ ಕಾರ್ಖಾನೆಗೆ ದೋಣಿಯಲ್ಲಿ ಮಣ್ಣು ಸಾಗಿಸುತ್ತಿದ್ದರು. "ಹೊಳೆಗೆ ಅಡ್ಡಿಯಿಲ್ಲ. ಮರಕ್ಕೂ ಅಡ್ಡಿಯಿಲ್ಲ. ಆದರೆ ನಾನೂ ಬರುತ್ತೇನೆ, ನೋಡುತ್ತೇನೆ" ಎಂದರು.

ಹೀಗೆ ನಮ್ಮ ಪ್ರಯಾಣಗಳು ಸುರುವಾದವು. ನನ್ನ ಅಣ್ಣ ಪುಂಜಾಲಕಟ್ಟೆಯಿಂದ ಬಂಟ್ವಾಳಕ್ಕೆ ಸರ್ವಿಸ್ ಜೀಪು ಓಡಿಸುತ್ತಿದ್ದ. ಶುಕ್ರವಾರ ಜುಮಾ ಮುಗಿಸಿ ಬಂದು, ಜೀಪಿನ ಹಿಂದಿನ ಸೀಟು ಒರೆಸಿ, ನಮ್ಮನ್ನು ಹತ್ತಿಸಿಕೊಳ್ಳುತ್ತಿದ್ದ. ಬುತ್ತಿಗೆ ಪತ್ತಿರಿ ಎಂಬ ಅಕ್ಕಿರೊಟ್ಟಿ, ಫ್ಲಾಸ್ಕಿನಲ್ಲಿ ಚಹಾ, ನಮಾಜಿಗೆ ಒಂದು ಚಾಪೆ. ನಾಲ್ಕು ವರ್ಷದ ಮಗಳು ನನ್ನ ತೊಡೆಯ ಮೇಲೆ. "ಬೇರೆಯವರು ಹೆಣ್ಣು ನೋಡಲು ಬಾಡಿಗೆಗೆ ಕರೆಯುತ್ತಾರೆ, ನನ್ನ ಭಾವ ಕೆರೆ ನೋಡಲು ಕರೆಯುತ್ತಾರೆ" ಎಂದು ಅಣ್ಣ ದಾರಿಯುದ್ದಕ್ಕೂ ತಮಾಷೆ ಮಾಡುತ್ತಿದ್ದ.

ಮೊದಲ ಸಲ ಹೋದದ್ದು ಮೂಡುಬಿದಿರೆಯ ಕಡೆಗೆ. ಪುತ್ತಿಗೆಯಲ್ಲಿ ಹೊಳೆ ಬದಿಗೆ ಇಳಿದೆವು. ಇವರು ಕ್ಯಾಮೆರಾ ಕಣ್ಣಿಗೆ ಹಿಡಿದದ್ದೇ ತಡ, ಉಮ್ಮ ನಮ್ಮನ್ನೆಲ್ಲ ಕುರಿ ಅಟ್ಟಿದ ಹಾಗೆ ಬದಿಗೆ ಅಟ್ಟಿದರು. "ಸರಿಯಿರಿ, ಸರಿಯಿರಿ. ಒಂದು ಕೈ ಕೂಡ ಬೀಳಬಾರದು." ಬಟ್ಟೆ ಒಗೆಯುತ್ತಿದ್ದ ಒಬ್ಬ ಹೆಂಗಸಿಗೂ ತುಳುವಿನಲ್ಲಿ ಹೇಳಿದರು. ಆಕೆ ಬೆಪ್ಪಾಗಿ ಬಕೆಟು ಎತ್ತಿಕೊಂಡು ಮರದ ಹಿಂದೆ ಹೋಗಿ ನಿಂತಳು. ಎಲ್ಲ ಸರಿಯಾಯಿತು ಎನ್ನುವಾಗ ಒಂದು ಬಿಳಿ ಕೊಕ್ಕರೆ ಬಂದು ನೀರಿನ ನಡುವಿನ ಕಲ್ಲಿನ ಮೇಲೆ ಕೂತಿತು.

"ಅದು ಹೋಗಲಿ" ಎಂದರು ಉಮ್ಮ.

"ಉಮ್ಮ, ಅದು ಪಕ್ಕಿ."

"ಪಕ್ಕಿಗೆ ಜೀವ ಇಲ್ವಾ?"

ಕೊಕ್ಕರೆ ಹೋಗಲಿಲ್ಲ. ಅಣ್ಣ ಕಲ್ಲೆಸೆಯಲು ಹೋದಾಗ ಉಮ್ಮ ಅವನ ಕೈ ಹಿಡಿದರು, ಅದರ ಜಾಗದಿಂದ ಅದನ್ನು ಓಡಿಸುವುದು ತಪ್ಪಂತೆ. ಅರ್ಧ ಗಂಟೆ ನಾವು ಐದು ಮಂದಿ ಒಂದು ಕೊಕ್ಕರೆಯ ದಯೆಗೆ ಕಾದು ನಿಂತೆವು. "ನೀರೊಳಗೆ ಮೀನು ಉಂಟಲ್ಲ, ಅದಕ್ಕೆ ಏನು ಮಾಡುವುದು?" ಎಂದು ಅಣ್ಣ ಮೆಲ್ಲ ಕೇಳಿದ. "ಕಾಣದ್ದು ಬೀಳುವುದಿಲ್ಲ, ನೀನು ಬಾಯಿ ಮುಚ್ಚು" ಎಂದು ಉಮ್ಮ ಗದರಿದರು. ಆ ದಿನ ಅಷ್ಟು ನಕ್ಕದ್ದು ನನಗೆ ಈಗಲೂ ನೆನಪುಂಟು. ಅಂಥ ದಿನಗಳನ್ನು ಕೊಟ್ಟದ್ದಕ್ಕೆ ಅಲ್‌ಹಮ್ದುಲಿಲ್ಲಾಹ್.

ಬೆಳ್ತಂಗಡಿಯ ಹತ್ತಿರದ ಗಡಾಯಿಕಲ್ಲನ್ನೂ ಹತ್ತಿದೆವು. ಉಮ್ಮ ಮೂವತ್ತು ಮೆಟ್ಟಿಲು ಹತ್ತಿ, "ನನ್ನ ಮೊಣಕಾಲು ಇಲ್ಲಿಗೇ ಸಾಕು ಎನ್ನುತ್ತದೆ" ಎಂದು ಮಗಳನ್ನು ಇಟ್ಟುಕೊಂಡು ನೆರಳಿನಲ್ಲಿ ಕೂತರು. ನಾನು ಮೇಲೆ ತಲುಪುವಾಗ ಉಸಿರು ಬಾಯಿಗೆ ಬಂದಿತ್ತು. ಅಷ್ಟು ಎತ್ತರದ ಬಂಡೆಯ ತಲೆಯ ಮೇಲೆ ಒಂದು ಕೆರೆ. ಅಲ್ಲಾಹು ಎಲ್ಲೆಲ್ಲಿ ನೀರು ಇಡುತ್ತಾನೆ ನೋಡಿ. ಅಲ್ಲಿ ಉಮ್ಮ ಇಲ್ಲದ ಧೈರ್ಯದಲ್ಲಿ ಇವರು, "ನೀನು ಕೆರೆಯ ಬದಿಗೆ ನಿಲ್ಲು, ಒಂದೇ ಒಂದು" ಎಂದರು. ನಾನು ನಿಲ್ಲಲಿಲ್ಲ. ಕೆಳಗೆ ಕೂತವರು ನನ್ನನ್ನು ನಂಬಿ ಕೂತಿದ್ದಾರೆ ಅನಿಸಿತು. ಇವರು ಸಪ್ಪೆ ಮುಖ ಮಾಡಿ ಕೆರೆಯದ್ದು ಮಾತ್ರ ತೆಗೆದರು.

ರಜೆ ಮುಗಿದು ಹೊರಡುವಾಗ ಕ್ಯಾಮೆರಾ ನನ್ನ ಕೈಗೆ ಕೊಟ್ಟರು. "ನೀನು ತೆಗೆದು ಕಳಿಸು. ಮಳೆಗೆ ಹೊಳೆ ತುಂಬಿದ್ದು, ಬೇಸಿಗೆಗೆ ಇಳಿದದ್ದು, ಎಲ್ಲ. ನನಗೆ ಅಲ್ಲಿ ತಿಂಗಳು ಗೊತ್ತಾಗಬೇಕಲ್ಲ." ರೀಲು ಹಾಕುವುದು, ಬಿಸಿಲಿಗೆ ಬೆನ್ನು ಮಾಡಿ ನಿಲ್ಲುವುದು, ಮೂವತ್ತಾರು ಮುಗಿದ ಮೇಲೆ ರೀಲು ಝರ್ರೆಂದು ತಾನೇ ಹಿಂದೆ ಸುತ್ತುವವರೆಗೆ ಮುಚ್ಚಳ ತೆಗೆಯದೆ ಇರುವುದು, ಇಷ್ಟು ಕಲಿಸಿದರು. ಮೊದಲ ರೀಲನ್ನು ನಾನು ನಡುವಲ್ಲೇ ಮುಚ್ಚಳ ತೆಗೆದು ಹಾಳು ಮಾಡಿದೆ. ಎರಡನೆಯದರಿಂದ ಸರಿಯಾಯಿತು.

ಐದು ವರ್ಷ ನಾನು ನೀರಿನ ಫೋಟೋ ತೆಗೆದೆ. ಬಂಟ್ವಾಳದ ಪೇಟೆಯೊಳಗೆ ನೆರೆ ನುಗ್ಗಿದ್ದು, ಮೂಡುಬಿದಿರೆಯ ಕೆರೆಗಳಲ್ಲಿ ತಾವರೆ ಎದ್ದದ್ದು, ವೇಣೂರಿನ ಹೊಳೆ ಎಪ್ರಿಲ್‌ನಲ್ಲಿ ಬರೀ ಕಲ್ಲಾದದ್ದು. ಪ್ರತಿ ಸಲ ಉಮ್ಮ ಜೊತೆಗಿರುತ್ತಿದ್ದರು, ಜನರನ್ನು ಬದಿಗೆ ಸರಿಸುತ್ತಿದ್ದರು, ಕೊನೆಗೆ ತಾವೂ ಸರಿದು ನಿಂತು "ಹಾಂ, ಈಗ ತೆಗೆ" ಎನ್ನುತ್ತಿದ್ದರು. ಆ ಮಾತು ಬರದೆ ನಾನು ಗುಂಡಿ ಒತ್ತಿದ್ದಿಲ್ಲ. ಬಿ.ಸಿ. ರೋಡಿನ ಸ್ಟುಡಿಯೋದವನು ಪ್ರಿಂಟು ಕೊಡುವಾಗ, "ಅಕ್ಕಾ, ನೀವು ನೀರಾವರಿ ಇಲಾಖೆಯವರಾ?" ಎಂದು ಕೇಳುತ್ತಿದ್ದ. ಒಂದೊಂದು ಪ್ರತಿ ಮನೆಯ ಆಲ್ಬಮಿಗೆ, ಇನ್ನೊಂದು ಲಕೋಟೆಗೆ. ಸೌದಿಗೆ ಹೋಗುವ ಯಾರಾದರೂ ಸಿಕ್ಕಿದರೆ ಲಕೋಟೆ ಅವರ ಕೈಯಲ್ಲಿ. ಇವರ ರೂಮಿನ ಗೋಡೆ ತುಂಬಿತಂತೆ, ಆಮೇಲೆ ಪಕ್ಕದ ಕೋಣೆಯ ಕೇರಳದವರ ಗೋಡೆಗೂ ಹಬ್ಬಿತಂತೆ. ಫೋನಿನಲ್ಲಿ "ನಿನ್ನ ಹೊಳೆ ಬಂತು" ಎನ್ನುವಾಗ ಇವರ ಸ್ವರದಲ್ಲಿ ಇರುತ್ತಿದ್ದ ಖುಷಿ ನನಗೆ ಒಂದು ವಾರಕ್ಕೆ ಸಾಕಾಗುತ್ತಿತ್ತು.

ಎರಡು ಸಾವಿರದ ಒಂದನೇ ಇಸವಿಯ ಕೊನೆಗೆ ಉಮ್ಮ ಊಟ ಬಿಟ್ಟರು. ಕಣ್ಣು ಹಳದಿಯಾಯಿತು. ಮಂಗಳೂರಿನಲ್ಲಿ ಡಾಕ್ಟರು ಪರೀಕ್ಷೆ ಮಾಡಿಸಿ, ಅಣ್ಣನನ್ನು ಮಾತ್ರ ಒಳಗೆ ಕರೆದು ಹೇಳಿದರು. ಲಿವರಿನಲ್ಲಿ ಗಡ್ಡೆ, ಮನೆಗೆ ಕರೆದುಕೊಂಡು ಹೋಗಿ, ಎರಡು ತಿಂಗಳು ಅಂದರೆ ಹೆಚ್ಚು. ಉಮ್ಮನಿಗೆ ನಾವು ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಅಂದರೆ ಗೊತ್ತಾಗಿತ್ತು.

ಇವರಿಗೆ ಫೋನಿನಲ್ಲಿ ಹೇಳಿದೆ. ಹೊಸ ಕಂಪೆನಿಗೆ ಸೇರಿ ಆರು ತಿಂಗಳಾಗಿತ್ತಷ್ಟೇ. ಪಾಸ್‌ಪೋರ್ಟು ಕಫೀಲನ ಕೈಯಲ್ಲಿ, ಅಂದರೆ ಕೆಲಸ ಕೊಟ್ಟ ಧಣಿಯ ಕೈಯಲ್ಲಿ. ಅವನು ಬಿಡದೆ ವಿಮಾನ ಹತ್ತುವ ಹಾಗಿಲ್ಲ. ಮುಂದಿನ ಶುಕ್ರವಾರ ಫೋನು ಬಂತು. "ಕೇಳಿದೆ. ವರ್ಷ ಆಗದೆ ಬಿಡುವುದಿಲ್ಲ ಅಂತಾನೆ. ನೀನು ಒಂದು ಕೆಲಸ ಮಾಡು. ಉಮ್ಮನ ಒಂದು ಫೋಟೋ ತೆಗೆದು ಕಳಿಸು."

"ಅವರು ಒಪ್ಪುವುದುಂಟಾ?"

"ಕೇಳಬೇಡ. ಗೊತ್ತಾಗದ ಹಾಗೆ ತೆಗೆ. ನೀರಿನದ್ದು ತೆಗೆಯುತ್ತೇನೆ ಅಂತ ಹೇಳು." ಆಮೇಲೆ ಇಷ್ಟು ಸೇರಿಸಿದರು. "ನನ್ನ ಹತ್ತಿರ ಉಮ್ಮನ ಮುಖ ಇಲ್ಲ. ಒಂದೂ ಇಲ್ಲ."

ನಾನು ಆಯಿತು ಎಂದೆ. ಬೇರೇನು ಹೇಳಲು ಬರುತ್ತಿತ್ತು? ಆದರೆ ಫೋನು ಇಟ್ಟ ಮೇಲೆ ಅಣ್ಣನ ಮೂಲಕ ಮದ್ರಸದ ಉಸ್ತಾದರಲ್ಲಿ ಕೇಳಿಸಿದೆ. ಅಗತ್ಯವಿದ್ದರೆ ಫೋಟೋಕ್ಕೆ ದಾರಿ ಉಂಟು, ಆದರೆ ಬೇಡ ಎಂದವರದ್ದು ಅವರಿಗೆ ತಿಳಿಯದೆ ತೆಗೆದರೆ ಅದು ಮೋಸ, ಅದಕ್ಕೆ ತಾನು ದಾರಿ ಹೇಳಲಾರೆ ಎಂದರಂತೆ. ಅಣ್ಣನಿಗೆ ಸಿಟ್ಟು ಬಂತು. "ಉಸ್ತಾದರಿಗೆ ಏನು ಮಾರಾಯ್ತಿ, ಅವರ ತಾಯಿಯ ಮುಖ ಅವರು ದಿನಾ ನೋಡುತ್ತಾರೆ. ನೀನು ಒತ್ತಿಬಿಡು. ಪಾಪ ಇದ್ದರೆ ನನಗೆ ಅರ್ಧ."

ಹತ್ತು ದಿನ ಹೀಗೆ ಹೋಯಿತು. ನನಗೂ ಆಸೆಯಿತ್ತು, ಇಲ್ಲ ಎನ್ನುವುದಿಲ್ಲ. ಮದುವೆಯಾದ ಹತ್ತು ವರ್ಷದಲ್ಲಿ ನನ್ನ ಗಂಡ ನನ್ನಲ್ಲಿ ಕೇಳಿದ ದೊಡ್ಡ ವಸ್ತು ಇದೊಂದೇ.

ಒಂದು ಬೆಳಿಗ್ಗೆ ಗಂಜಿಯ ಎರಡು ಚಮಚ ಇಳಿದ ಮೇಲೆ ಉಮ್ಮನೇ ಹೇಳಿದರು. "ನನ್ನನ್ನು ಒಮ್ಮೆ ನಮ್ಮ ಹೊಳೆಯ ಬದಿಗೆ ಕರೆದುಕೊಂಡು ಹೋಗುವಿರಾ? ಕ್ಯಾಮೆರಾ ತಾ. ಅವನಿಗೆ ಆ ಕಡವಿನದ್ದು ಇನ್ನೂ ಕಳಿಸಲೇ ಇಲ್ಲ." ಕೇಳದೆಯೇ ದಾರಿ ತೆರೆದ ಹಾಗಾಗಿತ್ತು. ಇದು ಅಲ್ಲಾಹುವಿನ ಕಡೆಯಿಂದಲೋ, ದಾರಿ ತಪ್ಪಿಸುವ ಆ ಇನ್ನೊಬ್ಬನ ಕಡೆಯಿಂದಲೋ, ಗೊತ್ತಾಗಲಿಲ್ಲ.

ಜೀಪಿನ ಹಿಂದೆ ಹಾಸಿಗೆ ಹಾಸಿ ಮಲಗಿಸಿಕೊಂಡು ಹೋದೆವು. ಫರಂಗಿಪೇಟೆಯಲ್ಲಿ ಹೆದ್ದಾರಿ ಬಿಟ್ಟು ಕೆಳಗಿನ ಓಣಿಗೆ ಇಳಿದರೆ ಹೊಳೆ. ಅವರು ಹುಟ್ಟಿದ ಮನೆ ಇಲ್ಲ, ಅಲ್ಲಿ ಮರಳಿನ ರಾಶಿ. ದೋಣಿ ನಿಲ್ಲುತ್ತಿದ್ದ ಕಡವಿನಲ್ಲಿ ಎರಡು ಕಲ್ಲು ಉಳಿದಿತ್ತು. ಪಕ್ಕದ ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಕೇಳಿ ತಂದು, ಅದರಲ್ಲಿ ಉಮ್ಮನನ್ನು ಕೂರಿಸಿ, ನಾನೂ ಅಣ್ಣನೂ ಎತ್ತಿಕೊಂಡು ನೀರಿನವರೆಗೆ ಇಳಿಸಿದೆವು. ಅವರಲ್ಲಿ ಭಾರವೇ ಇರಲಿಲ್ಲ. ಕಾಲು ನೀರಿಗೆ ತಾಗಿದಾಗ "ಯಾ ಅಲ್ಲಾಹ್" ಎಂದು ಕಣ್ಣು ಮುಚ್ಚಿದರು. ಆಮೇಲೆ ಬಾಪನ ದೋಣಿಯ ಮಾತು ಸುರುವಾಯಿತು. ಮಣ್ಣು ತುಂಬಿ ಬಂದರೆ ದೋಣಿಯ ಅಂಚಿಗೂ ನೀರಿಗೂ ನಾಲ್ಕೇ ಬೆರಳು ಇರುತ್ತಿತ್ತಂತೆ, ತಾನು ಅದರ ತುದಿಯಲ್ಲಿ ಕೂತು ಸೀನಲು ಕೂಡ ಹೆದರುತ್ತಿದ್ದೆನೆಂದು ನಕ್ಕರು.

ಅವರು ನಗುತ್ತಿದ್ದಾಗ ನಾನು ನಾಲ್ಕು ಹೆಜ್ಜೆ ಹಿಂದೆ ಬಂದು ಕ್ಯಾಮೆರಾ ಕಣ್ಣಿಗೆ ಹಿಡಿದೆ. ರೀಲಿನಲ್ಲಿ ಇನ್ನು ಹನ್ನೊಂದು ಉಂಟು. ಆ ಸಣ್ಣ ಕಿಟಕಿಯೊಳಗೆ ಹೊಳೆಯ ನಡುವೆ ಉಮ್ಮನ ಮುಖ ಬಂತು. ಐದು ವರ್ಷದಲ್ಲಿ ನಾನು ಅದರಲ್ಲಿ ನೋಡಿದ ಮೊದಲ ಮುಖ. ಬೆರಳು ಗುಂಡಿಯ ಮೇಲಿತ್ತು. ಬದಿಯಿಂದ ಅಣ್ಣ ಕಣ್ಣಿನಲ್ಲೇ ಒತ್ತು, ಒತ್ತು ಎನ್ನುತ್ತಿದ್ದ.

ಅಷ್ಟರಲ್ಲಿ ಉಮ್ಮ ನನ್ನನ್ನು ನೋಡಿದರು. ಗಾಬರಿಯಾದರು. "ಇರು, ಇರು ಮಗಳೇ. ನಾನು ನಡುವಲ್ಲೇ ಉಂಟಲ್ಲ" ಎಂದು ಎರಡೂ ಕೈಯನ್ನು ಕುರ್ಚಿಗೆ ಊರಿ ಏಳಲು ಹೊರಟರು. ಏಳಲು ಆಗಲಿಲ್ಲ. ಕೂತಲ್ಲೇ ಕುರ್ಚಿಯನ್ನು ಬದಿಗೆ ಎಳೆಯಲು ನೋಡಿದರು. ಕುರ್ಚಿಯ ಕಾಲು ಮರಳಿನಲ್ಲಿ ಹೂತಿತ್ತು. "ಒಂದು ನಿಮಿಷ. ಅವನಿಗೆ ಹೊಳೆ ಪೂರ್ತಿ ಸಿಗಲಿ" ಎನ್ನುತ್ತಾ ಸೊಂಟವನ್ನು ಒಂದು ಕಡೆಗೆ ಒತ್ತಿ ಒತ್ತಿ ಸರಿಯುತ್ತಿದ್ದರು.

ನನ್ನಿಂದಾಗಲಿಲ್ಲ. ಕ್ಯಾಮೆರಾ ಇಳಿಸಿ ಅವರ ಕಾಲ ಹತ್ತಿರ ಕೂತೆ. ಅತ್ತುಬಿಟ್ಟೆ. "ಉಮ್ಮ, ಅವರು ಕೇಳಿದ್ದು ಹೊಳೆಯದ್ದಲ್ಲ. ನಿಮ್ಮದು" ಎಂದೆ.

ಉಮ್ಮ ಸರಿಯುವುದನ್ನು ನಿಲ್ಲಿಸಿದರು. "ಅವನು ಕೇಳಿದ್ದಾ?"

"ಹೌದು."

"ನನಗೆ ಗೊತ್ತಾಗದ ಹಾಗೆ ಅಂತ ಹೇಳಿದ್ದಾ?"

ನಾನು ಹೌದೆಂದು ತಲೆಯಾಡಿಸಿದೆ. ಅವರು ಬೈಯಲಿಲ್ಲ. ಪಾಪ, ಹರಾಮು ಅಂತಲೂ ಹೇಳಲಿಲ್ಲ. ನೀರನ್ನು ನೋಡುತ್ತಾ ಕೂತರು. ಆಮೇಲೆ ಹೇಳಿದ ಮಾತು ನಾನು ಎಣಿಸಿದ್ದಲ್ಲ. "ಫೋಟೋ ಸಿಕ್ಕಿದರೆ ಅವನು ಬರುವುದಿಲ್ಲ. ನನ್ನ ಮಗ, ನನಗೆ ಗೊತ್ತಿಲ್ವಾ? ಹೊಳೆ ನೋಡಬೇಕು ಅಂತ ಆದಾಗಲೆಲ್ಲ ನೀನು ಹೊಳೆ ಕಳಿಸಿದೆ. ಅವನಿಗೆ ಅದು ಸಾಕಾಯಿತು. ಏಳು ವರ್ಷದಲ್ಲಿ ಮೂರು ಸಲ ಬಂದ. ಈಗ ನನ್ನನ್ನೂ ಗೋಡೆಗೆ ಅಂಟಿಸಿ ಅಲ್ಲೇ ಕೂರುತ್ತಾನೆ." ಸ್ವಲ್ಪ ಉಸಿರು ತೆಗೆದುಕೊಂಡರು. "ಬರಲಿ. ಬಂದು ನೋಡಲಿ. ಹಾಗೆ ಹೇಳು."

"ಆಗದೇ ಹೋದರೆ ಉಮ್ಮ?"

"ಬರಲಿ" ಎಂದರು ಇನ್ನೊಮ್ಮೆ. ಆಮೇಲೆ ಅಣ್ಣನ ಕಡೆ ತಿರುಗಿ, "ನೋಡುತ್ತಾ ಎಂಥ ನಿಂತಿದ್ದಿ? ಕುರ್ಚಿ ಆಚೆ ಇಡು. ಅವಳು ಹೊಳೆಯದ್ದು ತೆಗೆಯಲಿ."

ಕುರ್ಚಿಯನ್ನು ಬದಿಗಿಟ್ಟೆವು. ಹನ್ನೊಂದನ್ನೂ ನಾನು ಅಲ್ಲೇ ಮುಗಿಸಿದೆ. ಕಣ್ಣೀರಿನಲ್ಲಿ ಏನು ಕಾಣುತ್ತಿತ್ತೋ ದೇವರಿಗೇ ಗೊತ್ತು.

ಶುಕ್ರವಾರ ಇವರಿಗೆ ಎಲ್ಲವನ್ನೂ ಹೇಳಿದೆ. "ನಿನಗೆ ನಾನು ಹೇಳಿದ್ದು ಏನು?" ಎಂದರು.

"ಸುಳ್ಳು ಹೇಳಲು ಆಗಲಿಲ್ಲ."

"ಸುಳ್ಳು ಹೇಳು ಅಂದೆನಾ ನಾನು? ಸುಮ್ಮನಿರು ಅಂದದ್ದು. ಒಂದು ಬೆರಳು ಒತ್ತುವ ಕೆಲಸ." ಆಮೇಲೆ ಸ್ವರ ಇಳಿಯಿತು. "ನನ್ನಿಂದ ಬರಲು ಆಗದಿದ್ದರೆ ಏನು ಮಾಡುತ್ತಿ?"

ಬನ್ನಿ ಎಂದಷ್ಟೇ ಹೇಳಿದೆ. ಉಮ್ಮನ ಮಾತನ್ನು ಉಮ್ಮನ ಹಾಗೆಯೇ ಹೇಳಿದೆ.

ಆ ದಿನದಿಂದ ಇವರು ಕಫೀಲನ ಆಫೀಸಿನ ಬಾಗಿಲು ಬಿಡಲಿಲ್ಲವಂತೆ. ಮೂರು ವಾರ ಅಲೆದರು. ಇಲ್ಲಿ ಉಮ್ಮ ದಿನಕ್ಕೊಂದಿಷ್ಟು ಕರಗುತ್ತಿದ್ದರು. ಮಾತು ಕಡಿಮೆಯಾಯಿತು, ಆಮೇಲೆ ಕಣ್ಣು ತೆರೆಯುವುದು ಕಡಿಮೆಯಾಯಿತು. ಒಂದು ಮಧ್ಯಾಹ್ನ, ಮಗಳು ಶಾಲೆಗೆ ಹೋಗಿದ್ದಳು, ನಾನು ನಮಾಜು ಮುಗಿಸಿ ಹೊಸ ರೀಲು ಹಾಕಿದ ಕ್ಯಾಮೆರಾ ತೆಗೆದುಕೊಂಡು ಅವರ ಕೋಣೆಯ ಬಾಗಿಲಲ್ಲಿ ನಿಂತೆ. ಕಿಟಕಿಯ ಬೆಳಕು ಸರಿಯಾಗಿ ಮುಖದ ಮೇಲೆ ಬಿದ್ದಿತ್ತು. ಒಳ್ಳೆಯ ಬೆಳಕು ಯಾವುದೆಂದು ಅಷ್ಟು ಹೊತ್ತಿಗೆ ನನಗೆ ತಿಳಿಯುತ್ತಿತ್ತು. ಯಾರೂ ನೋಡುವವರಿಲ್ಲ. ಇವರಿಗೆ ಕೊಡುತ್ತೇನೆ, ಉಮ್ಮನಿಗೆ ಹೇಳುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕ್ಯಾಮೆರಾ ಎತ್ತಿದೆ ಕೂಡ. ಆದರೆ ನಿದ್ದೆಯಲ್ಲಿದ್ದವರು ಬದಿಗೆ ಸರಿಯಲಾರರು. ಹೊಳೆಯ ಬದಿಯಲ್ಲಾದರೆ ಅಷ್ಟಾದರೂ ಅವರಿಗೆ ಸಾಧ್ಯವಿತ್ತು. ನಾನು ಕ್ಯಾಮೆರಾವನ್ನು ಕಪಾಟಿನಲ್ಲಿಟ್ಟು ಬಂದು ಅವರ ಕಾಲು ಒತ್ತುತ್ತಾ ಕೂತೆ.

ಅದಾಗಿ ಐದನೇ ದಿನ ಇವರ ಫೋನು ಬಂತು. ಪಾಸ್‌ಪೋರ್ಟು ಸಿಕ್ಕಿತು, ನಾಳೆ ಬೊಂಬಾಯಿಗೆ ವಿಮಾನ, ಅಲ್ಲಿಂದ ಬಸ್ಸು. ಉಮ್ಮನ ಕಿವಿಯಲ್ಲಿ ಹೇಳಿದೆ. ಕೇಳಿತೋ ಇಲ್ಲವೋ, ನನ್ನ ಕೈಯನ್ನು ಒಮ್ಮೆ ಒತ್ತಿದರು. ಕೇಳಿತು ಎಂದೇ ನಾನು ತಿಳಿದಿದ್ದೇನೆ. ಅದೊಂದು ಕರುಣೆ.

ಇವರು ಬೊಂಬಾಯಿಯಲ್ಲಿ ಬಸ್ಸು ಹತ್ತಿದ ದಿನವೇ ಉಮ್ಮ ಹೋದರು, ಮಧ್ಯಾಹ್ನದ ಜುಹರಿನ ಬಾಂಗು ಆಗುವ ಹೊತ್ತಿಗೆ. ಬಸ್ಸಿನಲ್ಲಿದ್ದವರಿಗೆ ತಿಳಿಸುವುದು ಹೇಗೆ? ಆಗ ಮೊಬೈಲು ಎಲ್ಲಿತ್ತು? ಮಸೀದಿಯ ಹಿರಿಯರು ಬಂದು ಕೇಳಿದರು, ಕಾಯುವುದಾ ಎಂದು. ನಮ್ಮಲ್ಲಿ ಮಯ್ಯತ್ತನ್ನು, ಅಂದರೆ ತೀರಿಹೋದವರ ದೇಹವನ್ನು, ಇಟ್ಟುಕೊಂಡು ಕಾಯುವ ಕ್ರಮ ಇಲ್ಲ. ಬಸ್ಸು ನಾಳೆ ಎಷ್ಟು ಹೊತ್ತಿಗೆ ಮುಟ್ಟುತ್ತದೆಂದು ಯಾರಿಗೂ ಖಾತ್ರಿ ಇರಲಿಲ್ಲ. ಉಮ್ಮನಿಗೂ ತಡ ಮಾಡುವುದು ಇಷ್ಟವಾಗುತ್ತಿರಲಿಲ್ಲ. ಅಣ್ಣ ನನ್ನ ಮುಖ ನೋಡಿದ. "ಕ್ರಮದ ಹಾಗೆ ಆಗಲಿ" ಎಂದೆ. ಅದನ್ನೂ ನಾನೇ ಹೇಳಿದ್ದು. ಹೆಂಗಸರೊಂದಿಗೆ ಸೇರಿ ಮೀಯಿಸಿದೆ, ಕಫನಿನ ಬಿಳಿ ಬಟ್ಟೆ ಸುತ್ತಿದೆ. ಇಳಿಹೊತ್ತಿನ ಅಸರಿನ ನಮಾಜಾದ ಮೇಲೆ ಎತ್ತಿಕೊಂಡು ಹೋದರು.

ಮರುದಿನ ಬೆಳಿಗ್ಗೆ ಇವರು ಬಿ.ಸಿ. ರೋಡಿನಲ್ಲಿ ಇಳಿದಾಗ ಅಣ್ಣ ಜೀಪಿನೊಂದಿಗೆ ಕಾದಿದ್ದ. "ಉಮ್ಮ ಹೇಗಿದ್ದಾರೆ?" ಎಂದು ಕೇಳಿದರಂತೆ. ಅಣ್ಣ ಪೆಟ್ಟಿಗೆ ಮೇಲೆ ಕಟ್ಟುವ ನೆಪ ಮಾಡಿದ. ದಾರಿಯಲ್ಲಿ ಇನ್ನೊಮ್ಮೆ ಕೇಳಿದರು, ಅವನು ರಸ್ತೆಯ ಹೊಂಡಕ್ಕೆ ಬೈದ. ಪುಂಜಾಲಕಟ್ಟೆಯಲ್ಲಿ ಜೀಪು ಮನೆಯ ಕಡೆ ತಿರುಗದೆ ಮಸೀದಿಯ ಕಡೆ ತಿರುಗಿತು. ಆಗ ಇವರು ಮತ್ತೆ ಏನೂ ಕೇಳಲಿಲ್ಲವಂತೆ. ಹಸಿ ಮಣ್ಣಿನ ಹತ್ತಿರ ಕೂತು, ಕಾಲಿನ ಶೂ ಬಿಚ್ಚಲು ಮರೆತಿದ್ದೇನೆಂದು ನೆನಪಾಗಿ, ಎದ್ದು ಹೋಗಿ ಬಿಚ್ಚಿಟ್ಟು, ಮತ್ತೆ ಬಂದು ಕೂತರಂತೆ. ಅಣ್ಣ ಇದನ್ನು ಹೇಳುವಾಗ ಅತ್ತ. ನನ್ನ ಎಣಿಕೆಯಲ್ಲಿ ಇನ್ನೊಂದು ಕರುಣೆ ಉಂಟು, ಚಿಕ್ಕದು. ಆ ಬಸ್ಸಿನಲ್ಲಿ ಇಡೀ ದಾರಿ ಇವರಿಗೆ ತಾಯಿ ಇದ್ದರು.

ವಾರ ಕಳೆದ ಮೇಲೆ ಇವರೇ ಹೋಗಿ ನಾನು ಕಡವಿನಲ್ಲಿ ಮುಗಿಸಿದ ಆ ರೀಲನ್ನು ತೊಳೆಸಿ ತಂದರು. ಅದರ ಕೊನೆಯ ಹನ್ನೊಂದು ಫೋಟೋಗಳನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟರು. ಹೊಳೆ, ಹೊಳೆ, ಹೊಳೆ. ಕೆಲವು ಮಸುಕು. ಒಂದೊಂದನ್ನೂ ಕಣ್ಣಿನ ಹತ್ತಿರ ಹಿಡಿದು ಅಂಚು ಅಂಚು ನೋಡಿದರು. ಒಂದು ಸೆರಗು ಕೂಡ ಬಿದ್ದಿರಲಿಲ್ಲ.

"ಉಮ್ಮ ಎಲ್ಲಿ ಕೂತಿದ್ದರು?" ಎಂದು ಕೇಳಿದರು.

ನಾನು ಒಂದು ಫೋಟೋದ ಎಡಬದಿಗೆ, ಅದರ ಅಂಚಿನಿಂದ ಒಂದು ಗೇಣು ಆಚೆ, ಚಾಪೆಯ ಮೇಲೆ ಬೆರಳಿಟ್ಟು ತೋರಿಸಿದೆ. "ಇಲ್ಲಿ."

ಇವರು ಚಾಪೆಯ ಆ ಜಾಗದ ಮೇಲೆ ಅಂಗೈ ಇಟ್ಟರು. ತುಂಬ ಹೊತ್ತು ತೆಗೆಯಲಿಲ್ಲ. ಆಮೇಲೆ, "ಮಲಗಿದ್ದಾಗಲಾದರೂ ತೆಗೆಯಬಹುದಿತ್ತು" ಎಂದರು.

ಬಾಗಿಲಲ್ಲಿ ನಿಂತದ್ದನ್ನು ಹೇಳಬಾರದಿತ್ತು. ಹೇಳಿದೆ. ನನಗೆ ಒಳಗೆ ಇಟ್ಟುಕೊಳ್ಳಲು ಬರುವುದಿಲ್ಲ. ಇವರು ಎದ್ದು ಹೊರಗೆ ಹೋದರು. ರಜೆ ಮುಗಿಯುವವರೆಗೆ ಊಟ, ನೀರು, ಮಗಳ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಹೊರಡುವ ದಿನ, "ಇನ್ನು ನೀರಿನದ್ದು ಕಳಿಸಬೇಡ" ಎಂದರು. ಆಲ್ಬಮ್‌ಗಳು ಒಂಬತ್ತಕ್ಕೆ ನಿಂತದ್ದು ಹೀಗೆ.

ಉಮ್ಮನ ಮಾತು ನಡೆಸಿದೆ, ಗಂಡನ ಮಾತು ಮುರಿದೆ. ನಡೆಸಿದ ಮಾತಿಗಾಗಿ ನನಗೆ ಕೂಲಿ ಸಿಗುತ್ತದೋ, ಮುರಿದ ಮಾತಿಗಾಗಿ ವಿಚಾರಣೆ ಆಗುತ್ತದೋ, ಪ್ರತಿ ನಮಾಜಿನ ಕೊನೆಗೆ ಕೇಳುತ್ತೇನೆ. ಒಮ್ಮೊಮ್ಮೆ ಉಮ್ಮನ ಮೇಲೂ ಸಿಟ್ಟು ಬರುತ್ತದೆ. ಮಗ ಬರಲೆಂದು ತನ್ನ ಮುಖವನ್ನು ಬಚ್ಚಿಟ್ಟುಕೊಂಡರು. ಮಗ ಬಂದ. ಆದರೆ ಸಿಕ್ಕಿದ್ದು ಯಾರಿಗೆ ಏನು? ಹಾಗೆ ಎಣಿಸಿದ ಕೂಡಲೇ ತೌಬಾ ಹೇಳಿ ಕ್ಷಮೆ ಕೇಳುತ್ತೇನೆ.

ಇವರು ಐದು ವರ್ಷದ ಮೇಲೆ ಅಲ್ಲಿಯದ್ದೆಲ್ಲ ಮುಗಿಸಿ ಊರಿಗೇ ಬಂದರು. ಒಳ್ಳೆಯವರು, ನನ್ನನ್ನು ಯಾವತ್ತೂ ಕಡೆಗಣಿಸಲಿಲ್ಲ. ಉಮ್ಮನ ಮಾತು ಮಾತ್ರ ನನ್ನ ಎದುರು ತೆಗೆಯುತ್ತಿರಲಿಲ್ಲ. ಆಮೇಲೊಂದು ಸಂಜೆ, ಮಗಳು ಆಗ ಕಾಲೇಜಿಗೆ ಸೇರಿದ್ದಳು, ಕಿವಿಗೆ ಎರಡನೇ ತೂತು ಮಾಡಿಸುತ್ತೇನೆಂದು ಹಟ ಹಿಡಿದಳು. "ನಿನ್ನ ಅಜ್ಜಿಗೆ ಕಿವಿಯ ಅಂಚಿನುದ್ದಕ್ಕೂ ತೂತುಗಳಿದ್ದವು, ಹಿಂದಿನ ಕಾಲದವರ ಹಾಗೆ" ಎಂದು ನಾನು ಬಾಯಿತಪ್ಪಿ ಹೇಳಿದೆ. "ಒಂದು ಕಿವಿಯ ಹಾಲೆ ಹರಿದಿತ್ತು, ಎಡದ್ದು."

ಪೇಪರು ಓದುತ್ತಿದ್ದ ಇವರು ತಲೆ ಎತ್ತಿದರು. "ಎಡದ್ದಲ್ಲ. ಬಲದ್ದು."

"ಎಡದ್ದು. ನಾನು ಈ ಕೈಯಲ್ಲಿ ಮೀಯಿಸಿದ್ದೇನೆ."

"ನಾನು ಆ ತೊಡೆಯಲ್ಲಿ ಮಲಗಿ ಅದನ್ನು ಹಿಡಿದುಕೊಂಡೇ ನಿದ್ದೆ ಮಾಡಿದವನು. ಬಲದ್ದು."

ಮಗಳು ಒಮ್ಮೆ ನನ್ನನ್ನು, ಒಮ್ಮೆ ಇವರನ್ನು ನೋಡಿದಳು. ತೀರ್ಪು ಹೇಳಲು ಮನೆಯಲ್ಲಿ ಏನೂ ಇರಲಿಲ್ಲ. ಇವರು ಪೇಪರು ಬದಿಗಿಟ್ಟು ನನ್ನ ಹತ್ತಿರ ಬಂದು ಕೂತರು. ನನ್ನನ್ನು ಉಮ್ಮನೆಂದು ತಿಳಿದ ಹಾಗೆ ನನ್ನ ತಲೆವಸ್ತ್ರ ಸರಿಸಿ, "ನಾನು ಹೀಗೆ ಮಲಗಿದರೆ ಈ ಕಡೆ ಬರುತ್ತಿತ್ತು, ಅಲ್ವಾ?" ಎಂದು ಬಲಗಿವಿ ಮುಟ್ಟಿ ತೋರಿಸಿದರು. ನಾನು ಕೈ ಎತ್ತಿ ಉಮ್ಮನನ್ನು ಮೀಯಿಸಿದ ದಿನದ ಹಾಗೆ ಗಾಳಿಯಲ್ಲಿ ನೀರು ಹೊಯ್ದು ನೋಡಿದೆ. ಮೊದಲು ಬಲಬದಿ, ಆಮೇಲೆ ಎಡಬದಿ, ಅದೇ ಕ್ರಮ. ಬೆರಳಿಗೆ ಆ ಹರಿದ ಹಾಲೆ ಸಿಕ್ಕಿದ್ದು ಯಾವಾಗ? ಅಷ್ಟು ವರ್ಷ ಖಾತ್ರಿ ಇದ್ದದ್ದು ಆಗ ಇಲ್ಲವಾಯಿತು. "ಗೊತ್ತಾಗುವುದಿ‍ಲ್ಲ" ಎಂದೆ. ಇವರು ನನ್ನ ಕಿವಿಯಿಂದ ಕೈ ತೆಗೆಯದೆ, "ಇನ್ನೊಮ್ಮೆ ಹೊಯ್ದು ನೋಡು" ಎಂದರು.